ಎಡಚರ ರೈಫಲ್‌ಗೆ ದೊಡ್ಡ ಬೋರ್ ಹಾಕಿಸಬಹುದಾ? ಅರಸೀಕೆರೆ ಕರಡಿಯಿಂದ ಬೇಲೂರಿನ ಕಾಡಾನೆವರೆಗೆ ಒಂದು ಪ್ರಶ್ನೆ

ಈ ವಾರದ ಎಪಿಸೋಡ್‌ನ ಬರಹರೂಪ ಇದು. ಬಸ್ಸಲ್ಲಿ ಇಯರ್‌ಫೋನ್ ಮರೆತು ಕೂತಿರೋರಿಗೆ ಅಂತ ಪ್ರತಿ ಸಲ ಹಾಕ್ತೀವಲ್ಲ, ಅದೇ. ಮಾತಾಡಿದ್ದನ್ನ ಹಾಗ್ಹಾಗೇ ಇಳಿಸಿಲ್ಲ, ಅಲ್ಲಲ್ಲಿ ತಿದ್ದಿದ್ದೀನಿ.

ಬೇಲೂರು ತಾಲ್ಲೂಕಿನ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಹೆಸರು ಬೇಡ ಅಂದಿದ್ದಾರೆ. ಮನೇಲಿ ತಾತನ ಕಾಲದ .315 ರೈಫಲ್ ಇದೆ, ತಾತ ತೀರಿಕೊಂಡಿದ್ದಾರೆ. ಇವರು ಎಡಚರು. ತೋಟಕ್ಕೆ ಆನೆ ಬರ್ತಾವೆ. ಯಾರೋ ಒಬ್ಬ ಲೇತ್ ಕೆಲಸದವನು "ಬೋಲ್ಟ್ ಎಡಗಡೆಗೆ ಮಾಡಿ, ಬೋರ್ ದೊಡ್ಡದು ಮಾಡಿಕೊಡ್ತೀನಿ, .375 ಆಗುತ್ತೆ" ಅಂದಿದ್ದಾನಂತೆ. "ಆಗುತ್ತಾ ಬ್ರೋ?" ಅನ್ನೋದು ಪ್ರಶ್ನೆ.

ಉತ್ತರ ಮೊದಲೇ ಹೇಳಿಬಿಡ್ತೀನಿ: ಬೇಡ. ದಯವಿಟ್ಟು ಆ ಲೇತ್ ಅಂಗಡಿ ಕಡೆ ತಲೆ ಹಾಕಬೇಡಿ. ಆದ್ರೆ "ಬೇಡ" ಅಂದ್ರೆ ಯಾರೂ ಕೇಳಲ್ಲ, ಯಾಕೆ ಬೇಡ ಅಂತ ಹೇಳಬೇಕು. ಹಾಗೆ ಹೇಳೋಕೆ ಹೋದ್ರೆ ಇದು ನಿಜಕ್ಕೂ ಮಜಾ ಇರೋ ವಿಷಯ.

ಮೊದಲು ಎಡಗೈ ವಿಚಾರ. ನಾನೂ ಎಡಚನೇ. ಕಾಲೇಜಲ್ಲಿ ಎನ್‌ಸಿಸಿ ಕ್ಯಾಂಪಿಗೆ ಹೋದಾಗ .22 ರೈಫಲ್ ಎಡ ಭುಜಕ್ಕೆ ಇಟ್ಕೊಂಡು ಮಲಗಿದೆ. ಒಂದು ಗುಂಡು ಹಾರಿಸಿದ ಮೇಲೆ ಬೋಲ್ಟ್ ಎಳೀಬೇಕಲ್ಲ, ಹಿಡಿ ಇರೋದು ಬಲಗಡೆ. ನನ್ನ ಎಡಗೈ ಟ್ರಿಗರ್ ಬಿಟ್ಟು, ರೈಫಲ್ ಮೇಲಿಂದ ದಾಟಿ ಆಚೆ ಹೋಗಿ, ಹಿಡಿ ಎತ್ತಿ, ಹಿಂದೆಳೆದು, ಮುಂದೆ ತಳ್ಳಿ, ವಾಪಸ್ ಬರಬೇಕು. ಅಷ್ಟರಲ್ಲಿ ಪಕ್ಕದವರು ಎರಡು ಗುಂಡು ಮುಗಿಸಿರ್ತಾರೆ. "ಬಲ ಭುಜಕ್ಕೆ ಹಾಕು" ಅಂತ ಬೈಗುಳ ಬೇರೆ. ಹಾಕಬಹುದು, ಆದ್ರೆ ನನ್ನ ಜೋರಿನ ಕಣ್ಣೂ ಎಡದ್ದೇ. ಗುರಿ ಹಿಡಿಯೋದು ಕೈಗಿಂತ ಹೆಚ್ಚಾಗಿ ಕಣ್ಣಿನ ಕೆಲಸ.

ನಿಧಾನ ಆಗೋದು ಸಣ್ಣ ತೊಂದರೆ. ದೊಡ್ಡದು ಬೇರೆ ಇದೆ. ಬಲಗೈ ರೈಫಲ್‌ನಲ್ಲಿ ಖಾಲಿ ತೋಟಾ ಹಾರಿಬೀಳೋ ಕಿಂಡಿ ಬಲಗಡೆ ಇರುತ್ತೆ. ಎಡ ಭುಜಕ್ಕಿಟ್ಟವನ ಮುಖ ಇರೋದೂ ಅದೇ ಕಡೆ. ಒಂದು ಪಕ್ಷ ತೋಟಾ ಒಳಗೇ ಸೀಳಿದ್ರೆ ಬಿಸಿ ಗ್ಯಾಸು ಯಾವ ದಾರಿ ಹಿಡಿಯುತ್ತೆ ಅಂತ ನೀವೇ ಊಹಿಸಿ. ಎಡಚರಿಗೆ ಎಡಗೈ ಬೋಲ್ಟ್ ಬೇಕು ಅನ್ನೋದು ಬರೀ ಶೋಕಿ ಅಲ್ಲ.

ಹಾಗಾದ್ರೆ ಬಲಗೈ ಬೋಲ್ಟನ್ನ ಎಡಕ್ಕೆ ತಿರುಗಿಸಬಹುದಾ? ಹಿಡಿ ಕತ್ತರಿಸಿ ಈ ಕಡೆ ಬೆಸುಗೆ ಹಾಕಿದ್ರೆ ಆಯ್ತಲ್ಲ ಅನ್ಸುತ್ತೆ. ಆಗಲ್ಲ. ಹಿಡಿ ಎತ್ತಿದಾಗ ಒಳಗಿನ ಸ್ಪ್ರಿಂಗ್ ಎಳೆಯೋದಕ್ಕೆ ಒಂದು ಓರೆ ಕೊರೆತ ಇರುತ್ತೆ, ಅದು ತಿರುಗೋದು ಒಂದೇ ದಿಕ್ಕಿಗೆ. ತೋಟಾ ಎಳೆಯೋ ಕೊಕ್ಕೆ, ಹಿಡಿ ಬಂದು ಕೂರೋ ಕಚ್ಚು, ಖಾಲಿ ತೋಟಾ ಬೀಳೋ ಕಿಂಡಿ, ಸೇಫ್ಟಿ, ಎಲ್ಲ ಬಲಕ್ಕೇ ಅಂತ ಕೊರೆದಿರ್ತಾರೆ. ಎಡಗೈ ರೈಫಲ್ ಅಂದ್ರೆ ಕನ್ನಡಿಯಲ್ಲಿ ಕಾಣೋ ರೈಫಲ್. ಅದನ್ನ ಮೊದಲಿಂದಲೇ ಹಾಗೆ ಎರಕ ಹಾಕಿ, ಕೊರೆದು ಮಾಡಬೇಕು. ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಎಡಗೈ ಬೋಲ್ಟ್ ರೈಫಲ್ ಸಾಮಾನ್ಯ ಜನಕ್ಕೆ ಸಿಕ್ಕಿದ್ದೇ 1950ರ ದಶಕದ ಕೊನೆಗೆ, ಅಮೆರಿಕದ ಸ್ಯಾವೇಜ್ ಕಂಪನಿಯ 110 ಮಾಡೆಲ್ ಬಂದಮೇಲೆ. ಅದಕ್ಕೆ ಮುಂಚೆ ಎಡಚರು ಒಂದೋ ದುಡ್ಡು ಸುರಿದು ಮಾಡಿಸಬೇಕಿತ್ತು, ಇಲ್ಲಾ ನನ್ನ ಥರ ಮೇಲಿಂದ ಕೈ ದಾಟಿಸಬೇಕಿತ್ತು. ಮಹಾಭಾರತದಲ್ಲಿ ಎರಡೂ ಕೈಲಿ ಬಾಣ ಬಿಡ್ತಿದ್ದ ಅರ್ಜುನನಿಗೆ ಸವ್ಯಸಾಚಿ ಅಂತ ಬಿರುದೇ ಇದೆ. ಬಿಲ್ಲಿಗೆ ಎಡ ಬಲ ಎರಡೂ ಒಂದೇ. ಬೋಲ್ಟ್‌ಗೆ ಹಾಗಲ್ಲ.

ಈಗ ಕ್ಯಾಲಿಬರ್. .315 ಅಂದ್ರೆ ಒಂದು ಇಂಚಿನ ಸಾವಿರದಲ್ಲಿ 315 ಭಾಗ, ಸುಮಾರು 8 ಮಿಲಿಮೀಟರ್. .375 ಅಂದ್ರೆ ಸುಮಾರು ಒಂಬತ್ತೂವರೆ. .458 ಅಂದ್ರೆ 11.6. ನಮ್ಮ ಕಡೆ ತೋಟಗಳಲ್ಲಿ ಕಾಣೋ ಜೋಡುನಳಿಗೆ ಕೋವಿಯ "12 ಬೋರ್" ಲೆಕ್ಕ ಬೇರೇನೇ: ಒಂದು ಪೌಂಡ್ ಸೀಸವನ್ನ 12 ಸಮ ಗುಂಡು ಮಾಡಿದ್ರೆ ಒಂದೊಂದು ಎಷ್ಟು ದಪ್ಪ ಇರುತ್ತೋ ಅಷ್ಟು ನಳಿಗೆಯ ಅಗಲ, ಸುಮಾರು 18.5 ಮಿಲಿಮೀಟರ್. ಅದಕ್ಕೇ ಅಲ್ಲಿ ನಂಬರ್ ಸಣ್ಣದಾದಷ್ಟೂ ನಳಿಗೆ ದೊಡ್ಡದು. ಶೇರು ಮಾರ್ಕೆಟ್ಟೂ ಇಷ್ಟು ಗೊಂದಲ ಇಲ್ಲ.

"ಬೋರ್ ದೊಡ್ಡದು ಮಾಡೋದು" ಅಂದ್ರೆ ಒಂದು ತೂತನ್ನ ಅಗಲ ಮಾಡೋದು ಅಂತ ಲೇತ್‌ನವನು ತಿಳಿದಿದ್ದಾನೆ. ಅಸಲಿಗೆ ತೋಟಾ ಬದಲಾದ್ರೆ ಹೆಚ್ಚು ಕಡಿಮೆ ಇಡೀ ರೈಫಲ್ ಬದಲಾಗಬೇಕು. ತೋಟಾದ ಹಿಂಭಾಗದ ದಪ್ಪಕ್ಕೆ ಬೋಲ್ಟಿನ ಮುಖ ಹೊಂದಬೇಕು. ತೋಟಾದ ಉದ್ದಕ್ಕೆ ಮ್ಯಾಗಜಿನ್ ಸಾಕಾಗಬೇಕು, ಬೋಲ್ಟ್ ಅಷ್ಟು ದೂರ ಹಿಂದೆ ಬರಬೇಕು. ಇವೆಲ್ಲ ಆದಮೇಲೆ ಅತಿ ಮುಖ್ಯ, ಹೆಡ್‌ಸ್ಪೇಸ್. ಬೋಲ್ಟ್ ಮುಚ್ಚಿದಾಗ ತೋಟಾಗೂ ಬೋಲ್ಟ್ ಮುಖಕ್ಕೂ ನಡುವೆ ಎಷ್ಟು ಸಂದು ಉಳಿಯುತ್ತೆ ಅನ್ನೋ ಅಳತೆ ಅದು. ಕುಕ್ಕರ್ ಮುಚ್ಚಳ ಗ್ಯಾಸ್ಕೆಟ್ ಮೇಲೆ ಸರಿಯಾಗಿ ಕೂರದೇ ಹೋದ್ರೆ ಏನಾಗುತ್ತೆ? ಅದೇ. ವ್ಯತ್ಯಾಸ ಏನಂದ್ರೆ, ಕಾರಿನ ಟೈರಲ್ಲಿ ಮೂವತ್ತು ಚಿಲ್ಲರೆ ಪಿಎಸ್‌ಐ ಒತ್ತಡ ಇದ್ರೆ, .30-06 ಥರದ ರೈಫಲ್ ತೋಟಾದಲ್ಲಿ ಗುಂಡು ಹಾರೋ ಕ್ಷಣಕ್ಕೆ 60,000 ಪಿಎಸ್‌ಐವರೆಗೂ ಹೋಗುತ್ತೆ. ಅಂದ್ರೆ ಟೈರಿಗಿಂತ ಸಾವಿರದ ಎಂಟುನೂರು ಪಟ್ಟು, ಅದೂ ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಈ ಲೆಕ್ಕ ಗೊತ್ತಿದ್ದವರು, ಅಂದ್ರೆ ಬೇಟೆ ಕಾನೂನುಬದ್ಧವಾಗಿರೋ ದೇಶಗಳ ನುರಿತ ಗನ್‌ಸ್ಮಿತ್‌ಗಳು, ಎಡಚರಿಗೆ ದೊಡ್ಡ ಕ್ಯಾಲಿಬರ್ ಮಾಡೋಕೆ ಒಂದು ಜಾಣತನ ಕಂಡುಕೊಂಡಿದ್ದಾರೆ. ದೊಡ್ಡ ಬೇಟೆಯ ಎಡಗೈ ರೈಫಲ್ ಅಪರೂಪ, ಸಿಕ್ಕಿದ್ರೂ ದುಬಾರಿ. ಆದ್ರೆ ಜಿಂಕೆ ಬೇಟೆಯವು ಎಡಗೈಲಿ ಸಿಗ್ತಾವೆ. 1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿ .375 ಮ್ಯಾಗ್ನಮ್ ತೋಟಾ ತಂತು. ಬುಡದಲ್ಲಿ ಸೊಂಟಪಟ್ಟಿ ಥರ ಒಂದು ಉಬ್ಬು. ಆಮೇಲೆ 1956ರಲ್ಲಿ ಬಂದ ಆನೆ ಬೇಟೆಯ .458 ವಿಂಚೆಸ್ಟರ್, 1962-63ರಲ್ಲಿ ಬಂದ ಜಿಂಕೆ ಬೇಟೆಯ 7 ಎಂಎಂ ರೆಮಿಂಗ್ಟನ್ ಮತ್ತು .300 ವಿಂಚೆಸ್ಟರ್, ಎಲ್ಲ ಅದೇ ಬುಡದ ಮೊಮ್ಮಕ್ಕಳು. ಬುಡದ ದಪ್ಪ ಒಂದೇ, ಒಟ್ಟು ಉದ್ದವೂ ಹತ್ತಿರ ಹತ್ತಿರ ಒಂದೇ. ಹಾಗಾಗಿ .300 ವಿಂಚೆಸ್ಟರ್‌ನ ಎಡಗೈ ರೈಫಲ್ ತಗೊಂಡು ನಳಿಗೆ ಬದಲಿಸಿದ್ರೆ .458 ಆಗೋ ಸಾಧ್ಯತೆ ಇರುತ್ತೆ, ಬೋಲ್ಟ್ ಅದೇ ಉಳಿಯುತ್ತೆ. ಗಮನಿಸಿ, ಹಳೇ ನಳಿಗೆಯ ತೂತು ಅಗಲ ಮಾಡಲ್ಲ, ನಳಿಗೆಯನ್ನೇ ಬಿಚ್ಚಿ ಹೊಸದು ಹಾಕ್ತಾರೆ. ಆಮೇಲೂ ತೋಟಾ ಸರಾಗವಾಗಿ ಒಳಗೆ ಜಾರೋ ಹಾಗೆ ಮ್ಯಾಗಜಿನ್ ಹಳಿಗಳನ್ನ ತಿದ್ದಬೇಕು. ಮರದ ಹಿಡಿ ಸೀಳದೇ ಇರೋ ಹಾಗೆ ಒಳಗೆ ಉಕ್ಕಿನ ಅಡ್ಡಬೋಲ್ಟ್ ಕೂರಿಸಬೇಕು, ಯಾಕಂದ್ರೆ .458 ಭುಜಕ್ಕೆ ಒದೆಯೋದು .30-06ಗಿಂತ ಸುಮಾರು ಮೂರು ಪಟ್ಟು. ಬ್ರಿಟನ್ನಿನಲ್ಲಾದ್ರೆ ಹೊಸ ನಳಿಗೆಯನ್ನ ಲಂಡನ್ ಇಲ್ಲವೇ ಬರ್ಮಿಂಗ್‌ಹ್ಯಾಂ ಪ್ರೂಫ್ ಹೌಸ್‌ಗೆ ಕಳಿಸಿ, ಬೇಕಂತಲೇ ಹೆಚ್ಚು ಒತ್ತಡದ ತೋಟಾ ಹಾರಿಸಿ, ತಡೆದುಕೊಂಡ್ರೆ ಮಾತ್ರ ಮುದ್ರೆ ಒತ್ತುತ್ತಾರೆ. ಮುದ್ರೆ ಇಲ್ಲದ್ದನ್ನ ಅಲ್ಲಿ ಮಾರೋ ಹಾಗಿಲ್ಲ.

ಇದನ್ನೆಲ್ಲ ನಮ್ಮ ಕೇಳುಗರ ತಾತನ .315ಗೆ ಹೋಲಿಸಿ. ಅದು ಈಶಾಪುರದ ಸರ್ಕಾರಿ ರೈಫಲ್ ಫ್ಯಾಕ್ಟರಿಯ ಮಾಲು, ಬೋಲ್ಟ್ ಬಲಗಡೆ, ಹಳೇ ಲೀ-ಎನ್‌ಫೀಲ್ಡ್ ಜಾತಿ. ಆ ಜಾತಿಯಲ್ಲಿ ಬೋಲ್ಟ್ ಬಿಗಿಯಾಗೋ ಕಚ್ಚುಗಳು ಹಿಂದುಗಡೆ ಇರ್ತಾವೆ, ಮೌಸರ್ ಥರ ತೋಟಾ ಪಕ್ಕದಲ್ಲೇ ಮುಂದುಗಡೆ ಅಲ್ಲ. ಅದು ತನ್ನ ತೋಟಾಗೆ ಗಟ್ಟಿಯಾಗೇ ಇದೆ. .375 ಮ್ಯಾಗ್ನಮ್‌ಗೆ ಅದು ಹುಟ್ಟಿದ್ದಲ್ಲ. ಬುಡ ಹೊಂದಲ್ಲ, ಉದ್ದ ಹೊಂದಲ್ಲ, ಒತ್ತಡವಂತೂ ಕೇಳಲೇಬೇಡಿ. ಕೊರೆದಷ್ಟೂ ನಳಿಗೆಯ ಗೋಡೆ ತೆಳುವಾಗುತ್ತೆ. ಲೇತ್‌ನವನು ಕೊಡೋದು .375 ಅಲ್ಲ, ಒಂದು ಪೈಪ್ ಬಾಂಬು.

ಇಷ್ಟೊತ್ತು ಎಂಜಿನಿಯರಿಂಗ್ ಆಯ್ತು. ಆದ್ರೆ ನನಗೆ ಓದ್ತಾ ಓದ್ತಾ ಅನ್ಸಿದ್ದು, ನಮ್ಮ ದೇಶದಲ್ಲಿ ಕ್ಯಾಲಿಬರ್ ಅನ್ನೋದು ಯಂತ್ರದ ಅಳತೆ ಆಗೋಕೆ ಮುಂಚೆ ಕಾನೂನಿನ ಅಳತೆ. ಇದು ಇವತ್ತಿನ ಮಾತೂ ಅಲ್ಲ. ಬ್ರಿಟಿಷರ ಕಾಲದಲ್ಲಿ ಸಾಹೇಬರ ದೊಡ್ಡ ಬೇಟೆಗೆ .450 ಬಹಳ ಜನಪ್ರಿಯ ಆಗಿತ್ತು. ಸೈನ್ಯದ ಹಳೇ ಮಾರ್ಟಿನಿ-ಹೆನ್ರಿ ರೈಫಲ್ಲೂ ಅದೇ ಅಳತೆ. ಬೇಟೆಯ ಹೆಸರಲ್ಲಿ ಬಂದ ಗುಂಡು ಬಂಡಾಯಗಾರರ ಕೈಗೆ ಹೋಗಬಹುದು ಅಂತ 1907ರ ಹೊತ್ತಿಗೆ ಭಾರತಕ್ಕೆ .450 ಬರೋದನ್ನೇ ನಿಲ್ಲಿಸಿದ್ರು. ಲಂಡನ್ನಿನ ಬಂದೂಕು ಕಂಪನಿಗಳು ಏನು ಮಾಡಿದವು? ಭಾರತದ ಗಿರಾಕಿ ಕೈಬಿಡೋಕಾಗುತ್ತಾ! .465, .470, .475, .476 ಅಂತ ಸಾಲುಸಾಲಾಗಿ ಹೊಸ ತೋಟಾ ತಂದವು. ಅವು ಮಾಡೋ ಕೆಲಸ ಹೆಚ್ಚು ಕಡಿಮೆ .450ದೇ, ನಂಬರ್ ಮಾತ್ರ ಬೇರೆ. ಇವತ್ತೂ ಆಫ್ರಿಕಾದ ಬೇಟೆಗಾರರು ಹೊಗಳೋ .470 ಹುಟ್ಟಿದ್ದು ನಮ್ಮ ದೇಶದ ಒಂದು ನಿಷೇಧದಿಂದ. ಬಿ.ಕಾಂ. ಕ್ಲಾಸಲ್ಲಿ ರೆಗ್ಯುಲೇಟರಿ ಆರ್ಬಿಟ್ರೇಜ್‌ಗೆ ಇದಕ್ಕಿಂತ ಒಳ್ಳೆ ಉದಾಹರಣೆ ಯಾರೂ ಕೊಡಲಿಲ್ಲ.

ಅದೇ ತರ್ಕ ಮುಂದುವರಿದಿದ್ದೇ .315. ಸೈನ್ಯದ .303 ಸಾಮಾನ್ಯ ಜನಕ್ಕೆ ನಿಷೇಧಿತ ಬೋರ್. ಅದಕ್ಕೇ ಸ್ವಲ್ಪ ಬೇರೆ ಅಳತೆಯ .315 ನಾಗರಿಕರ ಪಾಲಿಗೆ ಬಂತು. ತಾತನ ಗೋಡೆ ಮೇಲಿನ ರೈಫಲ್‌ನ ನಂಬರ್ ಸರ್ಕಾರ ಎಳೆದ ಒಂದು ಗೆರೆ.

ಆ ಗೆರೆ ದಾಟಿದ್ರೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಓದಿ. ಲೈಸೆನ್ಸ್ ಇಲ್ಲದೆ ಬಂದೂಕು ತಯಾರಿಸೋದು, ಮಾರೋದು ಮಾತ್ರ ಅಲ್ಲ, ಪರಿವರ್ತಿಸೋದು, ರಿಪೇರಿ ಮಾಡೋದು, ಪರೀಕ್ಷೆ ಮಾಡೋದೂ ಅಪರಾಧ. 2019ರ ತಿದ್ದುಪಡಿಯಲ್ಲಿ 6ನೇ ಸೆಕ್ಷನ್‌ಗೆ, ಒಂದು ವರ್ಗದ ಬಂದೂಕನ್ನ ಇನ್ನೊಂದು ವರ್ಗಕ್ಕೆ ಬದಲಿಸೋದನ್ನೂ ಸೇರಿಸಿದ್ರು. ಶಿಕ್ಷೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ. ಸರಿಯಾಗಿ ಕೇಳಿಸ್ಕೊಳ್ಳಿ, ಕನಿಷ್ಠ ಏಳು. ಲೇತ್‌ನವನು ಕೇಳೋ ಕೂಲಿ ಎಷ್ಟೇ ಇರಲಿ, ಈ ಖರ್ಚನ್ನ ಅವನು ಬಿಲ್ಲಲ್ಲಿ ತೋರಿಸಲ್ಲ. ಇನ್ನು ಮಾಲೀಕರ ಕಡೆ ನೋಡಿದ್ರೆ, ಲೈಸೆನ್ಸ್ ಪುಸ್ತಕದಲ್ಲಿ ಬಂದೂಕಿನ ಬಗೆ, ಬೋರ್, ನಂಬರ್ ಎಲ್ಲ ಬರೆದಿರ್ತಾರೆ. ತೋಟಾ ಕೊಡೋದೂ ಅದೇ ಬೋರಿಗೆ, ಅದೂ ಲೆಕ್ಕ ಹಾಕಿ. ಬೋರ್ ಬದಲಾದ ದಿನ ಆ ಪುಸ್ತಕಕ್ಕೂ ನಿಮ್ಮ ಕೈಲಿರೋದಕ್ಕೂ ಸಂಬಂಧ ಇಲ್ಲ.

"ಕೊಡಗಲ್ಲಿ ಲೈಸೆನ್ಸೇ ಬೇಡ್ವಲ್ಲ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಕೊಡವರಿಗೂ ಜಮ್ಮಾ ಭೂಮಿದಾರರಿಗೂ ವಿನಾಯ್ತಿ ಇರೋದು ನಿಜ. 2019ರಲ್ಲಿ ಕೇಂದ್ರ ಅದನ್ನ 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದ್ರೆ ಅದು ಕೋವಿ ಇಟ್ಕೊಳ್ಳೋಕೆ, ಒಯ್ಯೋಕೆ. ಕೋವಿ ಕೊರೆಯೋಕಲ್ಲ. ಹಾಸನ ಜಿಲ್ಲೆಗಂತೂ ಅದೂ ಇಲ್ಲ.

ಇನ್ನು ಪ್ರಶ್ನೆಯ ಹಿಂದಿನ ಪ್ರಶ್ನೆ. ದೊಡ್ಡ ಬೋರ್ ಯಾಕೆ ಬೇಕು? ಭಯಕ್ಕೆ. ನಾನದನ್ನ ತಮಾಷೆ ಮಾಡಲ್ಲ. ನಮ್ಮ ಕಡೆ ಆ ಭಯಕ್ಕೆ ಹಳೇ ಕಥೆಯೂ ಇದೆ. ಕೆನೆತ್ ಆಂಡರ್ಸನ್ ಹೆಸರು ಕೇಳಿರ್ತೀರಿ, ಬೆಂಗಳೂರಿನ ಬೇಟೆಗಾರ, 1910ರಲ್ಲಿ ಹುಟ್ಟಿ 1974ರಲ್ಲಿ ತೀರಿಕೊಂಡವರು. ಕನ್ನಡದಲ್ಲಿ ಅವರನ್ನ ನಮಗೆ ಕೊಟ್ಟಿದ್ದು ತೇಜಸ್ವಿಯವರ 'ಕಾಡಿನ ಕತೆಗಳು'. ಆಂಡರ್ಸನ್ 1957ರ ಪುಸ್ತಕವೊಂದರಲ್ಲಿ ಅರಸೀಕೆರೆ ಕರಡಿಯ ಬಗ್ಗೆ ಒಂದು ಅಧ್ಯಾಯ ಇದೆ. ಅರಸೀಕೆರೆ ಪೂರ್ವಕ್ಕಿರೋ ಗುಡ್ಡಗಳ ಒಂದು ಕರಡಿ. ಅವರ ಲೆಕ್ಕದಲ್ಲಿ ಕನಿಷ್ಠ 12 ಜನ ಸತ್ತರು, ಅದರ ಎರಡರಷ್ಟು ಜನ ಗಾಯಗೊಂಡ್ರು. ಹೆಚ್ಚಿನವರಿಗೆ ಮುಖಕ್ಕೇ ಗಾಯ. ಅಲ್ಲಿನ ದರ್ಗಾ ನೋಡಿಕೊಳ್ತಿದ್ದ ಅವರ ವಯಸ್ಸಾದ ಸ್ನೇಹಿತರೊಬ್ಬರ ಮಗನನ್ನೇ ಕರಡಿ ಕೊಂದಾಗ ಆಂಡರ್ಸನ್ ಹೊರಟು ಬಂದ್ರು. ಸಲೀಸಾಗಿ ಸಿಗಲಿಲ್ಲ. ಮತ್ತೆ ಮತ್ತೆ ಬರಬೇಕಾಯ್ತು.

ನನಗೆ ಆಸಕ್ತಿ ಇರೋದು ಅವರ ರೈಫಲ್ ಮೇಲೆ. ಆಂಡರ್ಸನ್ ಜೊತೆಗೆ ಯಾವಾಗಲೂ ಇರ್ತಿದ್ದದ್ದು .405 ವಿಂಚೆಸ್ಟರ್, 1895ರ ಮಾಡೆಲ್, ಜಾನ್ ಬ್ರೌನಿಂಗ್ ವಿನ್ಯಾಸ. ಆ .405 ತೋಟಾ ಬಂದಿದ್ದು 1904ರಲ್ಲಿ. ಗುಂಡು ಹತ್ತೊಂಬತ್ತು ಗ್ರಾಂ ಮೇಲೆ ತೂಕ. 1909ರಲ್ಲಿ ಆಫ್ರಿಕಾಕ್ಕೆ ಹೋದ ಥಿಯೊಡರ್ ರೂಸ್‌ವೆಲ್ಟ್ ಸಿಂಹಕ್ಕೆ ನೆಚ್ಚಿಕೊಂಡಿದ್ದೂ ಇದನ್ನೇ. ಅದರಲ್ಲಿ ಬೋಲ್ಟ್ ಹಿಡಿ ಇಲ್ಲ! ಟ್ರಿಗರ್ ಕೆಳಗೆ ಬಳೆ ಥರದ ಲಿವರ್, ಕೆಳಗೆ ತಳ್ಳಿ ಮೇಲೆಳೆದ್ರೆ ಮುಂದಿನ ತೋಟಾ ರೆಡಿ. ಲಿವರ್ ನಡುಮಧ್ಯೆ ಇರೋದ್ರಿಂದ ಎಡಗೈಗೂ ಅಷ್ಟೇ ಸಲೀಸು, ಬಲಗೈಗೂ ಅಷ್ಟೇ. ತೋಟದ ಜೋಡುನಳಿಗೆ ಕೋವಿಯೂ ಹಾಗೇ, ಮುರಿದು ತೋಟಾ ಹಾಕಿ ಮುಚ್ಚೋದಷ್ಟೇ. ಎಡಚರ ಸಮಸ್ಯೆಗೆ ಉತ್ತರ ಬೋಲ್ಟ್ ಆಚೆಗೇ ಇತ್ತು, ನೂರು ವರ್ಷದ ಹಿಂದೆಯೇ.

ಆದ್ರೆ ಆ ಆಂಡರ್ಸನ್ ಕಾಲ 1972ರಲ್ಲಿ ಮುಗೀತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಇವತ್ತು ಕರಡಿ, ಆನೆ ಎರಡೂ ಶೆಡ್ಯೂಲ್ ಒಂದರಲ್ಲಿ. ಕೊಂದ್ರೆ 3ರಿಂದ 7 ವರ್ಷ ಜೈಲು. ಪ್ರಾಣಿ ಮನುಷ್ಯರಿಗೆ ಅಪಾಯ ಅಂತಾದ್ರೂ, ಏನು ಮಾಡಬೇಕು ಅಂತ ತೀರ್ಮಾನಿಸೋದು ರಾಜ್ಯದ ಮುಖ್ಯ ವನ್ಯಜೀವಿ ಪಾಲಕರು. ಕರಡಿಗೆ ಹೊಸಪೇಟೆ ಹತ್ತಿರ ದರೋಜಿಯಲ್ಲಿ 1994ರಿಂದ ಒಂದು ಧಾಮವೇ ಇದೆ. ಬೇಲೂರು ಬಿಕ್ಕೋಡು ಕಡೆ ಬೀಟಮ್ಮ ಗುಂಪು ಬಂದಾಗ ಕಾನೂನುಬದ್ಧವಾಗಿ ಆನೆ ಕಡೆಗೆ ಹಾರೋ ಅತಿ ದಪ್ಪ "ಗುಂಡು" ಅಂದ್ರೆ ಅರಣ್ಯ ಇಲಾಖೆಯ ಅರವಳಿಕೆ ಸಿರಿಂಜು. 11 ಅಥವಾ 13 ಮಿಲಿಮೀಟರ್ ದಪ್ಪ, .458ಗೆ ಸರಿಸಾಟಿ. ತಳ್ಳೋದು ಮಾತ್ರ ಮೆಲ್ಲಗೆ, ಗ್ಯಾಸಿನ ಒತ್ತಡದಲ್ಲಿ. ಅದನ್ನ ಹಾರಿಸೋರ ಕೆಲಸ ಎಷ್ಟು ಅಪಾಯದ್ದು ಅಂತ ನಮ್ಮ ಜಿಲ್ಲೆಗೆ ಹೇಳಿಕೊಡಬೇಕಾಗಿಲ್ಲ. 2023ರ ಆಗಸ್ಟ್‌ನಲ್ಲಿ ಆಲೂರು ಹತ್ತಿರ ಗಾಯಗೊಂಡ ಆನೆಗೆ ಅರವಳಿಕೆ ಕೊಡೋಕೆ ಹೋದ ಅನುಭವಿ ಶೂಟರ್ ಒಬ್ಬರು ಅದೇ ಆನೆಯಿಂದ ಸತ್ತರು. ಡಿಸೆಂಬರ್‌ನಲ್ಲಿ ಸಕಲೇಶಪುರ ಕಡೆಯ ಕಾರ್ಯಾಚರಣೆಯಲ್ಲಿ ಅಂಬಾರಿ ಹೊತ್ತ ಅರ್ಜುನನೇ ಹೋದ. ಪಳಗಿದವರಿಗೇ ಹೀಗಾದ್ರೆ, ತಾತನ ಕೊರೆದ ರೈಫಲ್ ಹಿಡಿದು ಕತ್ತಲಲ್ಲಿ ತೋಟಕ್ಕಿಳಿದವರ ಗತಿ? ಗಾಯಗೊಂಡ ಆನೆ ಮಾರನೇ ದಿನ ಎದುರಾಗೋದು ಕಾಫಿ ಕೀಳೋಕೆ ಬಂದ ಹೆಣ್ಣುಮಕ್ಕಳಿಗೆ.

ಹಾಗಾದ್ರೆ ಆ .315ನ್ನ ಏನು ಮಾಡೋದು? ಲೈಸೆನ್ಸ್ ಹೊಂದಿದವರು ತೀರಿಕೊಂಡ ಮೇಲೆ ಮನೆಯವರು ಬಂದೂಕು ಸುಮ್ಮನೆ ಬೀರುವಲ್ಲಿ ಇಟ್ಕೊಳ್ಳೋ ಹಾಗಿಲ್ಲ. ತಡ ಮಾಡದೆ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರೋ ಡೀಲರ್ ಹತ್ತಿರ ಜಮಾ ಮಾಡಿ, ರಸೀದಿ ಇಸ್ಕೊಳ್ಳಿ. ಬೇಕು ಅಂದ್ರೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ವಾರಸುದಾರರಿಗೆ ಅಂತಲೇ ದಾರಿ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಜೊತೆ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಸಿಕ್ಕಿದ್ರೆ ಅದು .315 ಆಗೇ, ಬಲಗೈ ಬೋಲ್ಟ್ ಆಗೇ ನಿಮ್ಮದಾಗುತ್ತೆ. ಬೇಡ ಅಂದ್ರೆ ಡೀಲರ್ ಮೂಲಕ ಮಾರಬಹುದು.

ಎಡಗೈಲಿ ಗುರಿ ಹೊಡೆಯೋ ಆಸೆ ಅಷ್ಟೇ ಇದ್ರೆ ಶೂಟಿಂಗ್ ರೇಂಜ್‌ಗೆ ಬನ್ನಿ. .177ರ, 20 ಜೌಲ್ ಒಳಗಿನ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ, ಸ್ಪರ್ಧೆಯ ಏರ್ ರೈಫಲ್‌ಗಳು ಎಡಚರಿಗೆ ಅಂತಲೇ ತಯಾರಾಗ್ತಾವೆ. ಮೊದಲ ಸಲ ಅಂಥದ್ದನ್ನ ಹಿಡಿದಾಗ ನನ್ನ ಕೈ ಅಭ್ಯಾಸ ಬಲದಿಂದ ರೈಫಲ್ ಮೇಲಿಂದ ದಾಟಿ ಬಲಕ್ಕೆ ಹೋಯ್ತು. ಲಿವರ್ ಎಡಗಡೆ ಕಾಯ್ತಾ ಇತ್ತು.